ಹೆಸರು ನಮ್ಮದು, ಜಾಗ ಬಾಡಿಗೆಯದು: ಸಣ್ಣ ಅಂಗಡಿಯವರು ತಾವೇ ವೆಬ್‌ಸೈಟ್ ಕಟ್ಟುವುದು ಹೇಗೆ

"ವೆಬ್‌ಸೈಟ್ ಮಾಡಿಸೋಕೆ ಎಷ್ಟಾಗುತ್ತೆ?" ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ, ಸಾಗರ, ತೀರ್ಥಹಳ್ಳಿ ಪೇಟೆಯಲ್ಲಾಗಲಿ ಅಂಗಡಿಯವರು ಮೊದಲು ಕೇಳುವುದು ಇದನ್ನೇ. ಒಬ್ಬರು ಐದು ಸಾವಿರ ಅನ್ನುತ್ತಾರೆ, ಇನ್ನೊಬ್ಬರು ಐವತ್ತು ಸಾವಿರ ಅನ್ನುತ್ತಾರೆ. ಆ ದುಡ್ಡಿಗೆ ಏನು ಸಿಗುತ್ತದೆ, ಅದರಲ್ಲಿ ಕೊನೆಗೆ ನಮ್ಮ ಕೈಯಲ್ಲಿ ಉಳಿಯುವುದು ಯಾವುದು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ನಮ್ಮದು ಸಾಗರದಲ್ಲಿ ಸಣ್ಣ ಅಂಗಡಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಜೇನುತುಪ್ಪ, ಒಣ ಮುರುಗಲು, ಇಷ್ಟೇ ಸರಕು. ಜೋಗ ನೋಡಿಕೊಂಡು ಹೋಗುವ ಬೆಂಗಳೂರಿನವರು ಒಮ್ಮೆ ಒಯ್ದರೆ, ಬಾಟಲಿ ಖಾಲಿಯಾದ ಮೇಲೆ ಫೋನ್ ಮಾಡಿ "ಇನ್ನೊಂದು ಕಳಿಸ್ತೀರಾ?" ಅಂತ ಕೇಳುತ್ತಾರೆ. ಅವರಿಗಾಗಿಯೇ ವೆಬ್‌ಸೈಟ್ ಬೇಕಾಯಿತು. ಮನೆಯಲ್ಲಿ ಕಂಪ್ಯೂಟರ್ ಓದಿದವರು ಯಾರೂ ಇಲ್ಲ. ಆದರೂ ಕಲಿತು ನಾವೇ ಕಟ್ಟಿಕೊಂಡೆವು. ಹಾಗೆ ಕಲಿಯುವವರಿಗೆ ಕೋಡ್‌ಗಿಂತ ಮೊದಲು ತಿಳಿಯಬೇಕಾದ ವಿಷಯ ಒಂದಿದೆ. ವೆಬ್‌ಸೈಟ್ ಅನ್ನೋದು ಒಂದೇ ವಸ್ತು ಅಲ್ಲ. ಹೆಸರು ಬೇರೆ, ಅದು ಕೂತಿರುವ ಜಾಗ ಬೇರೆ, ಒಳಗಿನ ಪುಟಗಳು ಬೇರೆ, ಜನ ಅಲ್ಲಿಗೆ ಬರುವ ದಾರಿ ಬೇರೆ. ಇದರಲ್ಲಿ ಯಾವುದು ನಮ್ಮದು, ಯಾವುದು ಬಾಡಿಗೆಯದು ಅಂತ ಗೊತ್ತಾದರೆ ಯಾರ ಮುಂದೆ ಕೂತರೂ ಧೈರ್ಯವಾಗಿ ಮಾತಾಡಬಹುದು.

ವಾಟ್ಸ್‌ಆ್ಯಪ್ ಇರುವಾಗ ಇದೆಲ್ಲ ಯಾಕೆ?

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಎರಡೂ ಬೇಕು. ಗಿರಾಕಿಗಳು ಇರುವುದೇ ಅಲ್ಲಿ. ಆದರೆ ಅಲ್ಲಿ ನಮ್ಮದು ಅಂತ ಏನೂ ಇಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತುಹೋಗಿದ್ದವು. ಅದಾದರೂ ಮರುದಿನಕ್ಕೆ ಸರಿಹೋಯಿತು. ಗೂಗಲ್‌ನ ಉದಾಹರಣೆ ಇನ್ನೂ ಗಟ್ಟಿ. ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ವಿವರ ತೋರಿಸುವ ಖಾತೆ, ಇದ್ದ ಅಂಗಡಿಗಳಿಗೆ ಒಂದು ಪುಟದ ವೆಬ್‌ಸೈಟನ್ನು ಆ ಕಂಪನಿ ಪುಕ್ಕಟೆ ಮಾಡಿಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿತು. ಆ ವಿಳಾಸವನ್ನು ಕಾರ್ಡ್, ಚೀಲ, ಬೋರ್ಡುಗಳ ಮೇಲೆ ಹಾಕಿಸಿಕೊಂಡಿದ್ದವರಿಗೆಲ್ಲ ಕೆಲವೇ ತಿಂಗಳಲ್ಲಿ ಆ ವಿಳಾಸ ಉಪಯೋಗಕ್ಕೆ ಬಾರದಾಯಿತು. ಪುಕ್ಕಟೆ ಕೊಟ್ಟವರು ವಾಪಸ್ ತಗೊಂಡರೆ ಕೇಳುವ ಹಾಗಿಲ್ಲ, ಅಲ್ವಾ?

ಸ್ವಂತ ಹೆಸರಿನ ವಿಳಾಸ ಇದ್ದಿದ್ದರೆ ಅವರು ಪುಟಗಳನ್ನು ಬೇರೆ ಕಡೆಗೆ ಸಾಗಿಸಿ, ಅದೇ ವಿಳಾಸವನ್ನು ಮುಂದುವರಿಸಬಹುದಿತ್ತು. ಮಳಿಗೆ ಬಿಟ್ಟು ಪಕ್ಕದ ರಸ್ತೆಗೆ ಹೋಗುವಾಗ ಬೋರ್ಡನ್ನು ಬಿಚ್ಚಿಕೊಂಡು ಹೋಗುತ್ತೇವಲ್ಲ, ಹಾಗೆ.

ಹೆಸರು ಹೇಗೆ ಕೆಲಸ ಮಾಡುತ್ತದೆ

ಅಂತರ್ಜಾಲದಲ್ಲಿ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಹೆಸರಿನಿಂದಲ್ಲ, ಐಪಿ ವಿಳಾಸ ಅನ್ನುವ ಅಂಕಿಗಳಿಂದ. ಜನರಿಗೆ ಅಂಕಿ ನೆನಪಿರುವುದಿಲ್ಲ. ಅದಕ್ಕೇ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಹೆಸರು ಹೇಳಿದರೆ ಅಂಕಿ ಹುಡುಕಿಕೊಡುವ ಡಿಎನ್ಎಸ್ ಎಂಬ ವ್ಯವಸ್ಥೆ ರೂಪಿಸಿದರು. ಬೆಂಗಳೂರಿನ ಗಿರಾಕಿ ಫೋನಿನಲ್ಲಿ ನಮ್ಮ ವಿಳಾಸ ಟೈಪ್ ಮಾಡುತ್ತಾರೆ ಅಂದುಕೊಳ್ಳಿ. ಅವರ ಇಂಟರ್‌ನೆಟ್ ಕಂಪನಿಯ ಕಂಪ್ಯೂಟರ್ ಮೊದಲು ರೂಟ್ ಸರ್ವರ್‌ಗಳನ್ನು, ಅಂದರೆ ಈ ವ್ಯವಸ್ಥೆಯ ಮೂಲ ಪಟ್ಟಿ ಇಟ್ಟುಕೊಂಡ ಕಂಪ್ಯೂಟರುಗಳನ್ನು, ಕೇಳುತ್ತದೆ: "'ಡಾಟ್ ಇನ್' ಅಂತ ಮುಗಿಯುವ ಹೆಸರುಗಳ ಲೆಕ್ಕ ಯಾರ ಹತ್ತಿರ ಇದೆ?" ಅಲ್ಲಿಂದ 'ಡಾಟ್ ಇನ್' ಸರ್ವರ್‌ಗೆ ಹೋಗಿ, "ಈ ಅಂಗಡಿಯ ವಿವರ ಎಲ್ಲಿದೆ?" ಅಂತ ಕೇಳುತ್ತದೆ. ಅದು ತೋರಿಸಿದ ನೇಮ್‌ಸರ್ವರ್, ಅಂದರೆ ನಮ್ಮ ಹೆಸರಿನ ವಿವರ ಇಟ್ಟುಕೊಂಡ ಕಂಪ್ಯೂಟರ್, ಕೊನೆಗೆ ಐಪಿ ವಿಳಾಸ ಕೊಡುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಮ್ಮೆ ಸಿಕ್ಕ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವುದರಿಂದ ಪ್ರತಿ ಸಲ ಇಷ್ಟು ಸುತ್ತಬೇಕಾಗಿಲ್ಲ. ನಾವು ಜಾಗ ಬದಲಾಯಿಸಿದಾಗ ಕೆಲವರಿಗೆ ಹೊಸ ಪುಟ, ಕೆಲವರಿಗೆ ಹಳೇ ಪುಟ ಕಾಣುವುದಕ್ಕೂ ಇದೇ ಕಾರಣ. ಒಂದೆರಡು ದಿನ ಕಾದರೆ ಸರಿಹೋಗುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಹೆಸರಿನ ದಾಖಲೆ ಒಂದು ಕಡೆ ಇದೆ, ಪುಟಗಳು ಇನ್ನೊಂದು ಕಡೆ ಇವೆ. ನಡುವೆ ಇರುವುದು, ಈ ಹೆಸರಿನ ಪುಟಗಳು ಇಲ್ಲಿವೆ ಅಂತ ನಾವೇ ತುಂಬುವ ಒಂದೆರಡು ಸಾಲು. ಹೆಸರನ್ನು ಒಂದು ಕಂಪನಿಯಿಂದ, ಜಾಗವನ್ನು ಬೇರೊಂದು ಕಂಪನಿಯಿಂದ ತಗೊಳ್ಳಲು ಯಾವ ಅಡ್ಡಿಯೂ ಇಲ್ಲ. ಬೇರೆ ಬೇರೆ ಇಟ್ಟುಕೊಳ್ಳುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಒಂದರ ಜೊತೆ ಜಗಳವಾದರೆ ಇನ್ನೊಂದು ನಮ್ಮ ಕೈಯಲ್ಲಿರುತ್ತದೆ.

'ಡಾಟ್ ಇನ್' ಹೆಸರುಗಳನ್ನು 2005ರಿಂದ ನಿಕ್ಸಿ ಎಂಬ ಭಾರತೀಯ ಸಂಸ್ಥೆ ನೋಡಿಕೊಳ್ಳುತ್ತಿದೆ. ನಾವು ನೇರವಾಗಿ ಅವರ ಹತ್ತಿರ ಹೋಗಬೇಕಿಲ್ಲ. ರಿಜಿಸ್ಟ್ರಾರ್ ಅನ್ನುವ ಕಂಪನಿಗಳು ಮಾರುತ್ತವೆ. ಮೊದಲ ವರ್ಷಕ್ಕೆ ತೀರಾ ಕಡಿಮೆ ಬೆಲೆ ತೋರಿಸಿ, ಎರಡನೇ ವರ್ಷದಿಂದ ಜಾಸ್ತಿ ಮಾಡುವುದು ಈ ವ್ಯಾಪಾರದ ವಾಡಿಕೆ. ಹಾಗಾಗಿ ಕೊಳ್ಳುವ ಮೊದಲು ನವೀಕರಣದ ಬೆಲೆ ನೋಡಿ. ಕನ್ನಡ ಲಿಪಿಯಲ್ಲೇ ಬರೆಯುವ 'ಡಾಟ್ ಭಾರತ' ವಿಳಾಸವೂ ಇದೆ. ಅಂಗಡಿಯ ಹೆಸರನ್ನು ಅಚ್ಚ ಕನ್ನಡದಲ್ಲಿ ವಿಳಾಸವಾಗಿ ನೋಡುವುದು ಖುಷಿಯ ವಿಷಯ. ಆದರೆ ಕೆಲವು ಆ್ಯಪ್‌ಗಳಲ್ಲಿ ಅದು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಒಳಗೊಳಗೆ ಡಿಎನ್ಎಸ್ ಅದನ್ನು ಹಾಗೆಯೇ ಇಟ್ಟುಕೊಳ್ಳುವುದು. ಸದ್ಯಕ್ಕೆ ಇಂಗ್ಲಿಷ್ ಅಕ್ಷರದ ಹೆಸರು ಮುಖ್ಯವಾಗಿರಲಿ, ಕನ್ನಡದ್ದು ಅದರ ಜೊತೆಗಿರಲಿ.

ಹೆಸರು ಆರಿಸುವಾಗ ಫೋನಿನಲ್ಲಿ ಒಮ್ಮೆ ಹೇಳಿ ನೋಡಿ. ಆ ಕಡೆಯವರು ಕೇಳಿದ ಹಾಗೇ ಸರಿಯಾಗಿ ಬರೆದರೆ ಅದು ಒಳ್ಳೆಯ ಹೆಸರು. ನಡುವೆ ಗೆರೆ, ಅಂಕಿ, ಎರಡೆರಡು 'ಎ' ಇದ್ದರೆ ಪ್ರತಿ ಸಲ ವಿವರಿಸಬೇಕಾಗುತ್ತದೆ.

ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಡೊಮೈನ್, ಅಂದರೆ ವೆಬ್‌ಸೈಟಿನ ಈ ವಿಳಾಸ, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ ನೋಂದಣಿಯಾಗಿರಬೇಕು. ವೆಬ್‌ಸೈಟ್ ಮಾಡಿಕೊಡುವವರು "ಅದೆಲ್ಲ ನಾವು ನೋಡ್ಕೋತೀವಿ ಬಿಡಿ" ಅಂತ ತಮ್ಮ ಖಾತೆಯಲ್ಲಿ ಕೊಂಡರೆ ದಾಖಲೆಯ ಪ್ರಕಾರ ಒಡೆತನ ಅವರದು. ಅವರು ಊರು ಬಿಟ್ಟರೆ, ಕೆಲಸ ಬಿಟ್ಟರೆ, ಫೋನ್ ಎತ್ತದಿದ್ದರೆ ನಮ್ಮ ಅಂಗಡಿಯ ಹೆಸರಿಗೆ ನಾವೇ ಹೊರಗಿನವರು. ಅವಧಿ ಮುಗಿದು, ಕೊಟ್ಟ ಗಡುವೂ ದಾಟಿದರೆ ಆ ಹೆಸರನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು. ಕೆಲಸ ಯಾರಿಂದ ಬೇಕಾದರೂ ಮಾಡಿಸಿ, ಹೆಸರನ್ನು ಮಾತ್ರ ಕೂತು ನೀವೇ ಕೊಳ್ಳಿ. ಹತ್ತು ನಿಮಿಷದ ಕೆಲಸ.

ಜಾಗ

ಪುಟಗಳು ಇಪ್ಪತ್ತನಾಲ್ಕು ಗಂಟೆ ಚಾಲೂ ಇರುವ ಕಂಪ್ಯೂಟರಿನಲ್ಲಿ ಇರಬೇಕು. ಆಷಾಢದ ಮಳೆಗೆ ಇಲ್ಲಿ ಕರೆಂಟ್ ಹೋಗಿ ಎರಡು ದಿನ ಬಾರದಿದ್ದರೂ ಸೈಟ್ ತೆರೆದಿರುವುದು ಅದರಿಂದಲೇ. ಇದಕ್ಕೆ ಹೋಸ್ಟಿಂಗ್ ಅನ್ನುತ್ತಾರೆ. ಯಾವ ಹೋಸ್ಟಿಂಗ್ ಬೇಕು ಅನ್ನುವುದು ಪುಟ ಎಂಥದ್ದು ಅನ್ನುವುದರ ಮೇಲಿದೆ.

ಒಂದು ಬಗೆಯಲ್ಲಿ, ಬರೆದಿಟ್ಟ ಫೈಲನ್ನು ಕೇಳಿದವರಿಗೆ ಹಾಗೇ ಕಳಿಸುವುದು. ಇದು ಸ್ಟ್ಯಾಟಿಕ್ ಸೈಟ್. ಇನ್ನೊಂದು ಬಗೆಯಲ್ಲಿ, ಯಾರಾದರೂ ಬಂದಾಗಲೆಲ್ಲ ಪ್ರೋಗ್ರಾಂ ಓಡಿ, ಡೇಟಾಬೇಸ್‌ನಿಂದ ವಿವರ ತೆಗೆದು ಪುಟ ತಯಾರಿಸುವುದು. 2003ರಲ್ಲಿ ಬಂದ ವರ್ಡ್‌ಪ್ರೆಸ್ ಈ ಎರಡನೇ ಬಗೆ. ಅದು ಪುಕ್ಕಟೆ, ಶಕ್ತಿವಂತ, ಜಗತ್ತಿನ ತುಂಬ ಬಳಕೆಯಲ್ಲಿದೆ. ಆದರೆ ಅದಕ್ಕೂ, ಅದಕ್ಕೆ ಸೇರಿಸಿಕೊಳ್ಳುವ ಪ್ಲಗಿನ್ ಎಂಬ ಸಣ್ಣ ಪ್ರೋಗ್ರಾಂಗಳಿಗೂ ಆಗಾಗ ಅಪ್‌ಡೇಟ್ ಮಾಡುತ್ತಲೇ ಇರಬೇಕು. ಬಿಟ್ಟರೆ ಆ ಕಿಂಡಿಯಿಂದ ಕಿಡಿಗೇಡಿಗಳು ನುಗ್ಗಿ ಜೂಜಿನ ಲಿಂಕುಗಳನ್ನು ತುಂಬಿಸುತ್ತಾರೆ. ಅಂಗಡಿ ನೋಡಿಕೊಳ್ಳುವವರಿಗೆ ಅದರ ಹಿಂದೆ ಬೀಳಲು ಪುರುಸೊತ್ತು ಎಲ್ಲಿ? ಹತ್ತಿಪ್ಪತ್ತು ಸರಕು ಇರುವ ಅಂಗಡಿಗೆ ಸ್ಟ್ಯಾಟಿಕ್ ಸೈಟ್ ಸಾಕು, ಬೇಕಾದಷ್ಟು ಸಾಕು. ಅದರಲ್ಲಿ ಒಡೆಯಲು ಪ್ರೋಗ್ರಾಮೇ ಇರುವುದಿಲ್ಲ. ನಾವು ಕಾಯಬೇಕಾದ್ದು ನಮ್ಮ ಖಾತೆಯ ಪಾಸ್‌ವರ್ಡ್ ಒಂದನ್ನೇ.

ಸ್ಟ್ಯಾಟಿಕ್ ಪುಟಗಳಿಗೆ ಕ್ಲೌಡ್‌ಫ್ಲೇರ್, ನೆಟ್ಲಿಫೈ ಮುಂತಾದ ಕಂಪನಿಗಳಲ್ಲಿ ಪುಕ್ಕಟೆ ಜಾಗವೂ ಇದೆ. ಕಲಿಯುವವರಿಗೆ ಎಲ್ಲರೂ ಮೊದಲು ಹೇಳುವುದು ಗಿಟ್‌ಹಬ್ ಪೇಜಸ್. ಅಭ್ಯಾಸಕ್ಕೆ ಅದು ಚೆನ್ನಾಗಿದೆ, ಆದರೆ ವ್ಯಾಪಾರ ನಡೆಸುವ ಸೈಟನ್ನು ಅಲ್ಲಿ ಇಡಬಾರದು ಅಂತ ಅವರ ನಿಯಮವೇ ಹೇಳುತ್ತದೆ. ಪುಕ್ಕಟೆ ಜಾಗ ನಾಳೆ ಹೋದರೂ ಚಿಂತೆಯಿಲ್ಲ ಅನ್ನುವ ಹಾಗೆ ಇರಬೇಕು ನಮ್ಮ ತಯಾರಿ. ಫೈಲುಗಳ ಒಂದು ಪ್ರತಿ ಮನೆಯ ಪೆನ್‌ಡ್ರೈವ್‌ನಲ್ಲಿ, ಹೆಸರು ನಮ್ಮ ಖಾತೆಯಲ್ಲಿ. ಇಷ್ಟಿದ್ದರೆ ಒಂದು ಸಂಜೆಯಲ್ಲಿ ಬೇರೆ ಕಡೆಗೆ ಸಾಗಿಸಬಹುದು.

ವಿಳಾಸದ ಶುರುವಿನಲ್ಲಿ ಎಚ್‌ಟಿಟಿಪಿಎಸ್, ಅಂದರೆ ನಡುದಾರಿಯಲ್ಲಿ ಯಾರೂ ಓದದ ಹಾಗೆ ಪುಟ ಕಳಿಸುವ ಬೀಗ, ಇರಲೇಬೇಕು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಅದಿಲ್ಲದ ಸೈಟುಗಳಿಗೆಲ್ಲ 'ಸುರಕ್ಷಿತವಲ್ಲ' ಅಂತ ಹಣೆಪಟ್ಟಿ ಹಚ್ಚುತ್ತಿದೆ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಒಳ್ಳೆಯ ಹೋಸ್ಟಿಂಗ್ ಕಂಪನಿಗಳು ತಾವಾಗಿಯೇ ಹಾಕಿಕೊಡುತ್ತವೆ. ಸಣ್ಣ ಅಂಗಡಿಯವರ ಹತ್ತಿರ ಯಾರಾದರೂ ಇದಕ್ಕೆ ಬೇರೆ ದುಡ್ಡು ಕೇಳಿದರೆ ಯಾಕೆ ಅಂತ ವಿಚಾರಿಸಿ.

ಪುಟ ಬರೆಯುವುದು

ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್‌ಸೈಟನ್ನು ಸರ್ನ್ ಸಂಶೋಧನಾ ಕೇಂದ್ರದಲ್ಲಿ ಕಟ್ಟಿದ್ದು ಎಚ್‌ಟಿಎಂಎಲ್‌ನಲ್ಲಿ. 1991ರಲ್ಲಿ ಅದು ಹೊರಗಿನವರಿಗೆ ತೆರೆಯಿತು. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರವನ್ನೆಲ್ಲ ಯಾರಿಗೂ ದುಡ್ಡು ಕೊಡದೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಸಾಗರದಲ್ಲಿ ಕೂತು ನಾವು ಪುಟ ಬರೆಯಲು ಇವತ್ತು ಯಾರ ಅನುಮತಿಯೂ ಬೇಡದಿರುವುದು ಆ ಒಂದು ತೀರ್ಮಾನದಿಂದ. ಆ ಮೊದಲ ಪುಟ ಇವತ್ತಿನ ಫೋನಿನಲ್ಲೂ ತೆರೆದುಕೊಳ್ಳುತ್ತದೆ. ಅಂದರೆ ಈ ವಿದ್ಯೆ ಒಮ್ಮೆ ಕಲಿತರೆ ಬೇಗ ಹಳತಾಗುವುದಿಲ್ಲ.

ಎಚ್‌ಟಿಎಂಎಲ್ ಪ್ರೋಗ್ರಾಮಿಂಗ್ ಅಲ್ಲ. ಬರೆದ ಮಾತಿಗೆ ಗುರುತು ಹಾಕುವುದು, ಅಷ್ಟೇ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ, ಇದು ಒತ್ತಿದರೆ ಬೇರೆ ಕಡೆ ಹೋಗುವ ಲಿಂಕ್. ಕೋನದ ಆವರಣದೊಳಗೆ ಆ ಗುರುತಿನ ಹೆಸರು ಬರೆದು ತೆರೆಯುವುದು, ಮಾತು ಮುಗಿದ ಮೇಲೆ ಅದೇ ಗುರುತಿಗೆ ಓರೆಗೆರೆ ಹಾಕಿ ಮುಚ್ಚುವುದು. ಕಂಪ್ಯೂಟರಿನ ನೋಟ್‌ಪ್ಯಾಡ್ ಸಾಕು. ಬಣ್ಣ, ಅಕ್ಷರದ ಗಾತ್ರ, ಅಂಚು ಇವಕ್ಕೆ ಸಿಎಸ್ಎಸ್ ಎಂಬ ಇನ್ನೊಂದು ಬಗೆಯ ಬರಹ ಬೇಕು. ಮೊದಲು ಹತ್ತು ಗುರುತುಗಳನ್ನು ಕಲಿತು ಒಂದು ಪುಟ ಮಾಡಿ, ಆಮೇಲೆ ಬಣ್ಣಕ್ಕೆ ಕೈ ಹಾಕಿ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸದ್ಯಕ್ಕೆ ಬೇಡ.

ಮರೆಯಬಾರದ ಮೂರು ವಿಷಯ ಪುಟದ ಫೈಲಿನ ಶುರುವಿನಲ್ಲೇ ಬರುತ್ತವೆ. ಅಕ್ಷರಗಳು ಯುಟಿಎಫ್-8 ಎಂಬ ಕ್ರಮದಲ್ಲಿವೆ ಅಂತ ಹೇಳುವ ಸಾಲು; ಕನ್ನಡ ಸರಿಯಾಗಿ ಕಾಣಲು ಇದು ಬೇಕು. ಭಾಷೆ ಕನ್ನಡ ಅಂತ ಹೇಳುವ ಗುರುತು; ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಾಧನ ಸರಿಯಾದ ಧ್ವನಿ ಆರಿಸಿಕೊಳ್ಳುವುದು ಇದನ್ನು ನೋಡಿಯೇ. ಇನ್ನೊಂದು ವ್ಯೂಪೋರ್ಟ್, ಅಂದರೆ ಪರದೆಯ ಅಗಲಕ್ಕೆ ಹೊಂದಿಕೊ ಅಂತ ಹೇಳುವ ಸಾಲು. ಅದಿಲ್ಲದಿದ್ದರೆ ಫೋನ್ ನಮ್ಮ ಪುಟವನ್ನು ದೊಡ್ಡ ಪರದೆಯದು ಅಂದುಕೊಂಡು ಕುಗ್ಗಿಸುತ್ತದೆ, ಅಕ್ಷರ ಇರುವೆಯಷ್ಟಾಗುತ್ತದೆ.

ಕನ್ನಡದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಅಂಗಡಿಗಳ ದರಪಟ್ಟಿ, ಲೇಬಲ್ ಎಲ್ಲ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಆಗಿರುತ್ತವೆ. ಆ ಫೈಲಿನಿಂದ ನಕಲು ಮಾಡಿ ವೆಬ್ ಪುಟಕ್ಕೆ ಅಂಟಿಸಿದರೆ ಕನ್ನಡ ಹೋಗಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರವನ್ನು ಕೂರಿಸಿದ್ದವು. ಫೈಲಿನ ಒಳಗೆ ಇರುವುದು ಕನ್ನಡವೇ ಅಲ್ಲ. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ಗೂಗಲ್ ಓದುವುದು ಒಳಗಿನದನ್ನು. ಹಾಗಾಗಿ ಅಂಥ ಪುಟ ಎಷ್ಟು ಚೆಂದ ಕಂಡರೂ ಹುಡುಕಿದವರಿಗೆ ಸಿಗುವುದಿಲ್ಲ.

ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತೆಲ್ಲ ಒಪ್ಪಿದ ಸ್ವಂತ ಸಂಖ್ಯೆ ಇದೆ. 'ಉ'ಗೆ 3209, 'ಪ'ಗೆ 3242, ಒತ್ತಕ್ಷರ ಕೂಡಿಸುವ ಅರ್ಧಚಿಹ್ನೆಗೆ 3277. 'ಉಪ್ಪಿನಕಾಯಿ' ಅಂದರೆ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿಗೆ ಹತ್ತು: ಉ, ಪ, ಅರ್ಧಚಿಹ್ನೆ, ಮತ್ತೆ ಪ, ಗುಡಿಸು, ನ, ಕ, ದೀರ್ಘ, ಯ, ಗುಡಿಸು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 30. ಈ ಹತ್ತನ್ನು ಜೋಡಿಸಿ 'ಪ್ಪಿ'ಯನ್ನು ಚೆಂದವಾಗಿ ಬರೆಯುವ ಕೆಲಸ ಫೋನಿನ ಫಾಂಟಿನದು. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ನಮ್ಮ ಹೊಳೆಯ ಹೆಸರು ಹೊತ್ತು ಅದು ಜಗತ್ತಿನ ಕಂಪ್ಯೂಟರುಗಳಿಗೆ ಹೋಯಿತು ಅನ್ನುವುದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ. ಈಗ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮುಂತಾದವು ಪುಕ್ಕಟೆ ಸಿಗುತ್ತವೆ. ಹಳೆಯ ದರಪಟ್ಟಿಯನ್ನು ಪರಿವರ್ತಕದಲ್ಲಿ ಹಾಕಿ ಬದಲಾಯಿಸಬಹುದು. ಹತ್ತಿಪ್ಪತ್ತು ಸಾಲಾದರೆ ಫೋನಿನ ಕನ್ನಡ ಕೀಬೋರ್ಡಿನಲ್ಲಿ ಹೊಸದಾಗಿ ಟೈಪ್ ಮಾಡುವುದೇ ಸಲೀಸು.

ಇನ್ನು ಫೋಟೋ. ಫೋನಿನಲ್ಲಿ ತೆಗೆದ ಒಂದು ಚಿತ್ರ ಸುಮಾರು 4 ಎಂಬಿ ಇರುತ್ತದೆ. ಹತ್ತು ಚಿತ್ರ ಹಾಗೇ ಹಾಕಿದರೆ 40 ಎಂಬಿ. ಪೇಟೆಯ ವೈಫೈಗೆ ಅದು ಲೆಕ್ಕಕ್ಕಿಲ್ಲ. ಆದರೆ ಹೊಸನಗರದ ಒಳಗೋ ಆಗುಂಬೆ ಘಾಟಿಯಲ್ಲೋ ಸೆಕೆಂಡಿಗೆ 1 ಮೆಗಾಬಿಟ್ ಸಿಗ್ನಲ್ ಇದ್ದರೆ ಆ ಪುಟ ಪೂರ್ತಿ ಬರಲು ಐದು ನಿಮಿಷಕ್ಕಿಂತ ಜಾಸ್ತಿ ಬೇಕು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಅದೇ ಚಿತ್ರದ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಅಥವಾ ಜೆಪೆಗ್ ಮಾಡಿದರೆ 150 ಕೆಬಿ ಆಸುಪಾಸಿಗೆ ಬರುತ್ತದೆ. ಹತ್ತು ಚಿತ್ರ ಹನ್ನೆರಡು ಸೆಕೆಂಡಿನಲ್ಲಿ ಬಂದುಬಿಡುತ್ತವೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಉಪ್ಪಿನಕಾಯಿ ಬಾಟಲಿಯನ್ನು ಬೆಳಿಗ್ಗೆ ಜಗುಲಿಯ ಬೆಳಕಿನಲ್ಲಿ ಇಟ್ಟು ತೆಗೆಯಿರಿ. ಟ್ಯೂಬ್‌ಲೈಟಿನ ಕೆಳಗೆ ಮಿಡಿಯ ಬಣ್ಣ ಸತ್ತ ಹಾಗೆ ಕಾಣುತ್ತದೆ, ಫ್ಲ್ಯಾಶ್ ಹಾಕಿದರೆ ಗಾಜು ಹೊಳೆದು ಒಳಗಿನದೇ ಕಾಣುವುದಿಲ್ಲ.

ಬರಹದಲ್ಲಿ "ಅತ್ಯುತ್ತಮ ಗುಣಮಟ್ಟ, ಶುದ್ಧ, ರುಚಿಕರ" ಅಂತ ಎಲ್ಲರೂ ಬರೆಯುತ್ತಾರೆ. ಅದರಿಂದ ಗಿರಾಕಿಗೆ ಏನೂ ತಿಳಿಯುವುದಿಲ್ಲ. ಮಿಡಿ ಯಾವ ಕಡೆಯದು, ಎಣ್ಣೆ ಹಾಕಿದ್ದೋ ಬರೀ ಉಪ್ಪಿನದೋ, ಖಾರ ಎಷ್ಟು, ಎಷ್ಟು ತಿಂಗಳು ಇಡಬಹುದು, ಬಾಟಲಿ ತೆರೆದ ಮೇಲೆ ಹೇಗೆ ಇಟ್ಟುಕೊಳ್ಳಬೇಕು, ಇದನ್ನು ಬರೆಯಿರಿ. ಅಪ್ಪೆಮಿಡಿಗೆ ಭೌಗೋಳಿಕ ಗುರುತು, ಅಂದರೆ ಈ ಸೀಮೆಯದೇ ಸರಕು ಅನ್ನುವ ಮಾನ್ಯತೆ, ಸಿಕ್ಕಿದೆ. ಆ ಪರಿಮಳ ಗೊತ್ತಿಲ್ಲದವರಿಗೆ ಎರಡು ಸಾಲಿನಲ್ಲಿ ಹೇಳಿ. ಕೌಂಟರಿನಲ್ಲಿ ಗಿರಾಕಿ ದಿನಾ ಏನು ಕೇಳುತ್ತಾರೋ ಅದರ ಉತ್ತರಗಳೇ ನಿಮ್ಮ ಪುಟ. ಅದನ್ನು ನಿಮ್ಮಷ್ಟು ಚೆನ್ನಾಗಿ ಯಾವ ಕಂಪನಿಯವರೂ ಬರೆಯಲಾರರು. ನಾವೇ ಕಲಿಯಬೇಕು ಅಂತ ಇಷ್ಟು ಒತ್ತಿ ಹೇಳುವುದೂ ಅದಕ್ಕೇ.

ಆರ್ಡರ್, ದುಡ್ಡು, ಕಾನೂನು

ಶುರುವಿಗೆ ಶಾಪಿಂಗ್ ಕಾರ್ಟ್ ಬೇಡ. ಒತ್ತಿದರೆ ನೇರ ಕರೆ ಹೋಗುವ ಲಿಂಕ್ ಒಂದು, ವಾಟ್ಸ್‌ಆ್ಯಪ್ ತೆರೆಯುವ ಲಿಂಕ್ ಒಂದು ಇರಲಿ. ವಾಟ್ಸ್‌ಆ್ಯಪ್ ಲಿಂಕಿನ ಒಳಗೇ "ಅಪ್ಪೆಮಿಡಿ ಅರ್ಧ ಕೆಜಿ ಬೇಕಿತ್ತು" ಅಂತ ಮಾತನ್ನು ಮೊದಲೇ ತುಂಬಿಸಿಡಬಹುದು. ಗಿರಾಕಿ ಒತ್ತಿ ಕಳಿಸಿದರೆ ಸಾಕು, ಯಾವ ಸರಕಿನ ಪುಟದಿಂದ ಬಂದರು ಅಂತ ನಮಗೂ ತಿಳಿಯುತ್ತದೆ. ದುಡ್ಡಿಗೆ ಯುಪಿಐ. ಗಿರಾಕಿ ಕಳಿಸುವ ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟಬೇಡಿ. ನಿಮ್ಮ ಖಾತೆಯಲ್ಲಿ ಜಮಾ ಆಗಿದೆಯೇ ನೋಡಿ. ದುಡ್ಡು ಪಡೆಯಲು ಯಾವತ್ತೂ ಪಿನ್ ಹಾಕಬೇಕಾಗಿಲ್ಲ. ಹಾಕಿ ಅಂತ ಯಾರಾದರೂ ಹೇಳಿದರೆ ಅದು ಮೋಸ.

ದಿನಕ್ಕೆ ಬರುವ ಆರ್ಡರ್ ಕೈಯಲ್ಲಿ ಬರೆದುಕೊಳ್ಳಲಾಗದಷ್ಟು ಆದ ಮೇಲೆ ಪೇಮೆಂಟ್ ಗೇಟ್‌ವೇ, ಅಂದರೆ ಸೈಟಿನಲ್ಲೇ ದುಡ್ಡು ಪಡೆದು ನಮ್ಮ ಖಾತೆಗೆ ಹಾಕುವ ಕಂಪನಿಯ, ಯೋಚನೆ ಮಾಡಿ. ಅವರು ಖಾತೆ ಕೊಡುವ ಮೊದಲು ಸೈಟಿನಲ್ಲಿ ಸಂಪರ್ಕ ವಿಳಾಸ, ಸರಕು ಕಳಿಸುವ ಕ್ರಮ, ಹಣ ವಾಪಸಾತಿ, ಗ್ರಾಹಕರ ಮಾಹಿತಿಯನ್ನು ಹೇಗೆ ಇಟ್ಟುಕೊಳ್ಳುತ್ತೀರಿ ಅನ್ನುವ ಪುಟಗಳಿವೆಯೇ ಅಂತ ನೋಡುತ್ತಾರೆ. ಈ ಪುಟಗಳನ್ನು ಬೇರೆ ಸೈಟಿನಿಂದ ಸುಮ್ನೆ ನಕಲು ಮಾಡಬೇಡಿ. ಬಾಟಲಿ ಒಡೆದು ಹೋದರೆ ಏನು ಮಾಡುತ್ತೀರಿ ಅಂತ ನಾಲ್ಕು ಸಾಲು ನೀವೇ ಬರೆಯಿರಿ.

ಆಹಾರ ಮಾರುವವರ ಪುಟದಲ್ಲಿ ಎಫ್ಎಸ್ಎಸ್ಎಐ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಸಂಖ್ಯೆ ಇರಲಿ. ಪೊಟ್ಟಣದ ಸರಕನ್ನು ಆನ್‌ಲೈನ್ ಮಾರುವಾಗ ಲೇಬಲ್ ಮೇಲಿನ ಮುಖ್ಯ ವಿವರಗಳು, ಅಂದರೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ದೂರು ಹೇಳುವ ನಂಬರ್, ಪರದೆಯ ಮೇಲೂ ಕಾಣಬೇಕು ಅನ್ನುವ ನಿಯಮ 2018ರ ಜನವರಿಯಿಂದ ಇದೆ.

ಜಿಎಸ್‌ಟಿ ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಕರ್ನಾಟಕದ ಒಳಗೆ ಸರಕು ಮಾರುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ಆದರೆ ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಈ ಮಿತಿ ಸಿಗುವುದಿಲ್ಲ, ವಹಿವಾಟು ಎಷ್ಟು ಸಣ್ಣದಿದ್ದರೂ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ. ಕಾಂಪೊಸಿಷನ್ ಯೋಜನೆಯಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಸರಳವಾಗಿ ತೆರಿಗೆ ಕಟ್ಟುವ ಜಿಎಸ್‌ಟಿ ಯೋಜನೆಯಲ್ಲಿ, ಇರುವವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ಅಂಗಡಿಯಲ್ಲಿ ಕೂತು ಮಾರುವಾಗ ಈ ಪ್ರಶ್ನೆಯೇ ಏಳುವುದಿಲ್ಲ. ವೆಬ್‌ಸೈಟ್ ತೆರೆದ ಮರುವಾರವೇ ಪುಣೆಯಿಂದ ಆರ್ಡರ್ ಬರಬಹುದು. ನೋಂದಣಿ ಆಗುವವರೆಗೆ "ಕರ್ನಾಟಕದ ಒಳಗೆ ಮಾತ್ರ ಕಳಿಸುತ್ತೇವೆ" ಅಂತ ಪುಟದಲ್ಲೇ ಬರೆದಿಡಿ. ನಿಮ್ಮ ಲೆಕ್ಕಪತ್ರ ನೋಡುವವರನ್ನು ಮೊದಲೇ ಕೇಳಿಕೊಳ್ಳಿ.

ಹುಡುಕಿದವರಿಗೆ ಸಿಗುವುದು

ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ ಅಂತ ಫೋನ್ ಮಾಡುವವರಿಗೆ ದುಡ್ಡು ಕೊಡಬೇಡಿ. ಅಂಥ ಭರವಸೆ ಯಾರೂ ಕೊಡಲಾಗದು ಅಂತ ಗೂಗಲ್ ತಾನೇ ಹೇಳಿದೆ. ನಾವು ಮಾಡಬಹುದಾದದ್ದು, ಜನ ಹುಡುಕುವ ಮಾತುಗಳು ನಮ್ಮ ಪುಟದಲ್ಲಿ ಇರುವ ಹಾಗೆ ನೋಡಿಕೊಳ್ಳುವುದು. ಊರಿನ ಹೆಸರನ್ನೇ ನೋಡಿ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗ ಆಗಿದ್ದರೂ ಇಂಗ್ಲಿಷ್‌ನಲ್ಲಿ ಹಳೆಯ 'ಶಿಮೊಗಾ' ಅಂತಲೇ ಟೈಪ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಎರಡೂ ರೂಪ ಪುಟದಲ್ಲಿರಲಿ. ಸಾಗರದವರಿಗೆ ಇನ್ನೊಂದು ತೊಡಕು: ಮಧ್ಯಪ್ರದೇಶದಲ್ಲೂ ಸಾಗರ ಅನ್ನುವ ದೊಡ್ಡ ಊರಿದೆ. ಬರೀ 'ಸಾಗರ' ಅಂತ ಬರೆದರೆ ಸಾಲದು. ಶಿವಮೊಗ್ಗ ಜಿಲ್ಲೆ, ಕರ್ನಾಟಕ, 577401 ಅಂತ ಪೂರ್ತಿ ವಿಳಾಸವನ್ನು ಪ್ರತಿ ಪುಟದ ಬುಡದಲ್ಲಿ ಅಕ್ಷರದಲ್ಲೇ ಹಾಕಿ. ವಿಳಾಸವನ್ನು ಚಿತ್ರವಾಗಿ ಹಾಕಿದರೆ ನಕಲು ಮಾಡಿಕೊಳ್ಳಲೂ ಆಗುವುದಿಲ್ಲ.

ಸರಕಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಒಮ್ಮೊಮ್ಮೆ ಬರೆಯಿರಿ. ಕನ್ನಡ ಮಾತಾಡುವವರೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದು ಜಾಸ್ತಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ, ಅದನ್ನೂ ಮಾಡಿಸಿ. ಮ್ಯಾಪಿನಲ್ಲಿ ಪಿನ್ ಅಂಗಡಿಯ ಬಾಗಿಲಿಗೇ ಬಿದ್ದಿದೆಯೇ ಅಂತ ನೋಡಿ, ಅಲ್ಲಿಂದ ಸ್ವಂತ ವೆಬ್‌ಸೈಟಿಗೆ ಲಿಂಕ್ ಕೊಡಿ. ಸರ್ಚ್ ಕನ್ಸೋಲ್ ಅನ್ನುವ ಇನ್ನೊಂದು ಪುಕ್ಕಟೆ ಸಾಧನದಲ್ಲಿ ಜನ ಯಾವ ಮಾತು ಟೈಪ್ ಮಾಡಿ ನಮ್ಮ ಪುಟ ಕಂಡರು ಅಂತ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಮುಂದೆ ಯಾವ ಪುಟ ಬರೆಯಬೇಕು ಅನ್ನುವುದು ಹೊಳೆಯುತ್ತದೆ.

ಪುಟವನ್ನು ಕಾಲಕ್ಕೆ ತಕ್ಕ ಹಾಗೆ ಬದಲಾಯಿಸುತ್ತಿರಬೇಕು. ಹಲಸಿನ ಹಪ್ಪಳ ಬೇಸಿಗೆಯ ಕೆಲಸ, ಜೋನಿ ಬೆಲ್ಲ ಆಲೆಮನೆ ಹೂಡಿದಾಗಿನದು. ದಾಸ್ತಾನು ಮುಗಿದರೆ 'ಖಾಲಿಯಾಗಿದೆ, ಮುಂದಿನ ಬೇಸಿಗೆಗೆ ಬರುತ್ತದೆ' ಅಂತ ಬರೆಯಿರಿ. ಜಡಿಮಳೆಯಲ್ಲಿ ಹಪ್ಪಳ ಕಳಿಸುವುದಿಲ್ಲ ಅಂತಿದ್ದರೆ ಅದನ್ನೂ ಹೇಳಿ. ಅಂಗಡಿಗೆ ಬರುವ ದಾರಿಯೂ ಬದಲಾಗುತ್ತದೆ. ಸಿಗಂದೂರಿಗೆ ಹೋಗುವವರು ಮೊದಲು ಹಿನ್ನೀರು ದಾಟಿಸುವ ಲಾಂಚ್ ಸಮಯ ನೋಡಿಕೊಂಡು ಸಾಗರದಿಂದ ಹೊರಡುತ್ತಿದ್ದರು. 2025ರ ಜುಲೈಯಲ್ಲಿ ಸೇತುವೆ ಉದ್ಘಾಟನೆಯಾದ ಮೇಲೆ ಕಾರು ನೇರ ಆಚೆ ದಡಕ್ಕೆ ಹೋಗುತ್ತದೆ. ಪುಟದಲ್ಲಿ ಇನ್ನೂ ಲಾಂಚ್ ಲೆಕ್ಕದಲ್ಲೇ ಅಂಗಡಿಯ ಸಮಯ ಬರೆದಿದ್ದರೆ ಓದಿದವರು ಉಳಿದ ಮಾಹಿತಿಯನ್ನೂ ನಂಬುವುದಿಲ್ಲ.

ಡೊಮೈನ್ ನವೀಕರಣದ ತಾರೀಕನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಂದು ತಿಂಗಳು ಮುಂಚೆಯೇ ಕಟ್ಟಿ. ನವೀಕರಣದ ಹೆಸರಿನಲ್ಲಿ ಬರುವ ಇಮೇಲ್, ಫೋನುಗಳಲ್ಲಿ ಸುಳ್ಳೂ ಇರುತ್ತವೆ. ಅದರಲ್ಲಿನ ಲಿಂಕ್ ಒತ್ತದೆ, ನೀವು ಕೊಂಡ ಕಂಪನಿಯ ಸೈಟಿಗೆ ನೀವೇ ಹೋಗಿ ದುಡ್ಡು ಕಟ್ಟಿ. ಆ ಖಾತೆಗೆ ಎರಡು ಹಂತದ ಬೀಗ ಹಾಕಿ. ಪಾಸ್‌ವರ್ಡ್ ಯಾವುದು, ಒಟಿಪಿ ಯಾವ ನಂಬರಿಗೆ ಬರುತ್ತದೆ ಅಂತ ಮನೆಯ ಇನ್ನೊಬ್ಬರಿಗೆ ಗೊತ್ತಿರಲಿ. ಸಿಮ್ ಬದಲಾಯಿಸುವ ಮೊದಲು ಖಾತೆಯಲ್ಲಿ ಹೊಸ ನಂಬರ್ ಸೇರಿಸಿ, ಆಮೇಲೆ ಹಳೆಯದನ್ನು ಬಿಡಿ.